ಅತ್ತೆಯ ಕ್ರಿಸ್‌ಮಸ್ ಬ್ರೆಡ್

ಮದುವೆಯಾಗಿ ಕೊಡಗಿನ ಅಮ್ಮತ್ತಿಗೆ ಬಂದ ಮೇಲೆ ಆರು ಕ್ರಿಸ್‌ಮಸ್‌ಗಳು ಕಳೆದರೂ ಅತ್ತೆ ನನ್ನನ್ನು ಬ್ರೆಡ್ಡಿನ ಹಿಟ್ಟು ಮುಟ್ಟಲು ಬಿಡಲಿಲ್ಲ. ನಾನು ಭಾಗಮಂಡಲದ ಕಡೆಯ ಗೌಡರ ಮನೆಯವಳು. ಅವರದು ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆ. ಅವರ ಮಗನೂ ನಾನೂ ಕಾಲೇಜಿನಲ್ಲಿ ಒಂದೇ ತರಗತಿ, ಮದುವೆಯಾದದ್ದು ರಿಜಿಸ್ಟ್ರಾರ್ ಆಫೀಸಿನಲ್ಲಿ. ಹಾಗೆಂದು ಅತ್ತೆ ಜಗಳಗಂಟಿಯಲ್ಲ. ನಾನು ಮಾಡಿದ ಮೀನು ಸಾರನ್ನು ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದರು. ಆದರೆ ಡಿಸೆಂಬರಿನಲ್ಲಿ ಹಿಟ್ಟು ನಾದುವ ದಿನ ಮಾತ್ರ, "ನೀನು ದ್ರಾಕ್ಷಿಯ ತೊಟ್ಟು ತೆಗಿ, ಸಾಕು" ಎಂದು ಹಿಂದಿನ ಜಗಲಿಗೆ ಕಳಿಸುತ್ತಿದ್ದರು. ನಾನು ತೊಟ್ಟು ತೆಗೆಯುತ್ತ ಬಾಗಿಲಿನಿಂದ ನೋಡುತ್ತಿದ್ದೆ. ಆರು ವರ್ಷ ನೋಡಿದರೆ ಯಾರಿಗಾದರೂ ಬರುತ್ತದೆ.

ಏಳನೆಯ ವರ್ಷ, ಹಬ್ಬಕ್ಕೆ ಹತ್ತು ದಿನವಿರುವಾಗ ಅತ್ತೆ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು.

"ಈ ಸಲ ಬ್ರೆಡ್ ಇಲ್ಲ" ಎಂದರು.

"ನಾನು ಮಾಡ್ತೇನೆ" ಎಂದೆ. ಅವರು ಹೂಂ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಆ ಮನೆಯಲ್ಲಿ ಯೀಸ್ಟ್ ಹಾಕುವುದಿಲ್ಲ, ಹಿಟ್ಟು ಉಬ್ಬಲು ಬೈನೆ ಮರದ ಕಳ್ಳೇ ಬೇಕು. ಕಳ್ಳು ಎಷ್ಟು ಹುಳಿ ಬಂದರೆ ಹದ ಎಂದು ತವರಿನಲ್ಲಿ ಕಲಿತಿದ್ದೆ. ಕಿತ್ತಳೆ ಸಿಪ್ಪೆ ಹೆಚ್ಚಿ ಸಕ್ಕರೆ ಪಾಕದಲ್ಲಿ ಬೇಯಿಸಿದೆ. ಮೊಟ್ಟೆ, ಬೆಣ್ಣೆ, ಏಲಕ್ಕಿ ಹಾಕಿ ತೋಳು ಸೋಲುವವರೆಗೆ ನಾದಿದೆ. ಚಳಿಗೆ ಹಿಟ್ಟು ಸುಮ್ಮನೆ ಕೂತುಬಿಡುತ್ತದೆಂದು ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಇಟ್ಟೆ. ಅತ್ತೆ ಎರಡು ಸಲ ಬಂದು ಎಡಗೈಯಲ್ಲಿ ಕಂಬಳಿ ಎತ್ತಿ ನೋಡಿ ಹೋದರು. ನಾಲ್ಕು ಬ್ರೆಡ್ ಆಯಿತು. ನಾಲ್ಕೂ ಚೆನ್ನಾಗಿ ಬಂದಿದ್ದವು.

ಹಬ್ಬದ ದಿನ ಚರ್ಚಿನ ಹೆಂಗಸರು ಮನೆಗೆ ಬಂದರು. ಒಬ್ಬರು ಎರಡನೆಯ ತುಂಡು ತೆಗೆದುಕೊಳ್ಳುತ್ತ ಕೇಳಿದರು: "ಕೈ ಹೀಗಿರುವಾಗ ಯಾರು ಮಾಡಿದ್ದು ಇದನ್ನು?"

"ಈ ಕೈಯಲ್ಲಿ ಎಂಥ ಮಾಡುದು ಮಾರಾಯ್ತಿ? ಗೋಣಿಕೊಪ್ಪಲಿಂದ ತರಿಸಿದ್ದು. ಬೇಕರಿಯದ್ದು" ಎಂದರು ಅತ್ತೆ.

ನಾನು ವೈನ್ ಗ್ಲಾಸುಗಳ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಗಂಡನ ಮುಖ ನೋಡಿದೆ. ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ, ತಲೆ ಎತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಕೇಳಿದೆ: "ಯಾಕೆ ಅತ್ತೆ ಹಾಗೆ ಹೇಳಿದ್ದು?"

"ಅದು ನನ್ನ ಅತ್ತೆ ನನಗೆ ಹೇಳಿಕೊಟ್ಟದ್ದು. ನಾನು ನಿನಗೆ ಹೇಳಿಕೊಟ್ಟೆನಾ?"

"ಇಲ್ಲ."

"ಮತ್ತೆ?"

ಕದ್ದು ಸಿಕ್ಕಿಬಿದ್ದವಳಂತೆ ನಿಂತೆ. ಗಂಡನಿಗೆ ಹೇಳಿದರೆ, "ಹಬ್ಬದ ದಿನ, ಬಿಡು. ಅಮ್ಮನಿಗೆ ವಯಸ್ಸಾಯ್ತು" ಎಂದ. ನೀನು ಯಾಕೆ ಸುಮ್ಮನಿದ್ದೆ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಅತ್ತೆಯ ಕೈ ಸೊಟ್ಟಗೆ ಕೂಡಿಕೊಂಡಿತು. ಮರುವರ್ಷ ತಾವೇ ನಾದಲು ಹೋಗಿ ಅರ್ಧಕ್ಕೆ ಬಿಟ್ಟು, ಹಿಟ್ಟನ್ನು ಹಂದಿಗಳಿಗೆ ಹಾಕಿಸಿದರು. ನನ್ನನ್ನು ಕರೆಯಲಿಲ್ಲ. ಪಕ್ಕದ ಕೋಣೆಯಲ್ಲೇ ಇದ್ದ ನಾನೂ ಎದ್ದು ಹೋಗಲಿಲ್ಲ. ಆಮೇಲೆ ಆ ಮನೆಯಲ್ಲಿ ಬ್ರೆಡ್ ಆಗಲೇ ಇಲ್ಲ. ಕಳೆದ ಮಳೆಗಾಲ ಅವರು ತೀರಿಕೊಂಡರು. ಕೊನೆಯ ಎರಡು ತಿಂಗಳು ನನ್ನ ಕೈಯಿಂದಲೇ ಗಂಜಿ ಕುಡಿದರು. ಆಗಲೂ ಆ ಮಾತು ಎತ್ತಲಿಲ್ಲ, ಅವರೂ, ನಾನೂ.

ಈ ಡಿಸೆಂಬರಿನಲ್ಲಿ ಗಂಡ ಕೇಳಿದ: "ಒಂದು ಸಲ ಆ ಬ್ರೆಡ್ ಮಾಡು. ಅಮ್ಮನ ನೆನಪಿಗೆ."

"ನಂಗೆ ಬರುದಿಲ್ಲ."

"ಬರ್ತದಲ್ಲ. ಅಮ್ಮನ ಕೈ ಮುರಿದ ವರ್ಷ ನೀನೇ ಅಲ್ವಾ ಮಾಡಿದ್ದು?"

ಈ ಒಂದು ಮಾತು ಅವನ ಬಾಯಿಂದ ಬರಲು ತಾಯಿ ಸಾಯಬೇಕಾಯಿತು. ನಾನು ಅಕ್ಕಿ ತೊಳೆಯುತ್ತಿದ್ದೆ, ತಿರುಗಿ ನೋಡಲಿಲ್ಲ. ಬ್ರೆಡ್ ಮಾಡಲಿಲ್ಲ.