ನಂಜುಂಡಣ್ಣನ ಬಿ.ಇ.

ನಂಜುಂಡಣ್ಣನ ಪ್ಯಾಂಟಿನ ಜೇಬಿನಲ್ಲಿ ಸದಾ ಒಂದು ತುಂಡು ಬಟ್ಟೆ ಸೋಪು ಇರುತ್ತಿತ್ತು. ಬೇರೆಯವರ ಜೇಬಿನಲ್ಲಿ ಬೀಡಿ, ಬಸ್ ಪಾಸು, ಹೆಚ್ಚೆಂದರೆ ಬಾಚಣಿಗೆ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಸಂಜೆಯ ಸೈರನ್ ಆದೊಡನೆ ನಾವೆಲ್ಲ ಗೇಟಿನ ಕಡೆ ಓಡಿದರೆ ಅವರು ನಲ್ಲಿಯ ಕಡೆ ನಡೆಯುತ್ತಿದ್ದರು. ಮೊದಲು ಮರದ ಪುಡಿಯಲ್ಲಿ ಕೈ ಉಜ್ಜಿ, ಆಮೇಲೆ ಸೋಪು ಹಚ್ಚಿ, ಉಗುರಿನ ಸಂದಿಯನ್ನು ಹಳೆಯ ಬ್ರಷ್ಷಿನಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು ನೋಡಿ, ಸಮಾಧಾನವಾಗದೆ ಮತ್ತೆ ತಿಕ್ಕುತ್ತಿದ್ದರು.

"ಏನಣ್ಣ, ಹೆಣ್ಣು ನೋಡೋಕೆ ಹೊರಟ್ರಾ?" ಎಂದು ಕಿಚಾಯಿಸಿದರೆ, "ಹೂಂ ಕಣೋ ಸತೀಶ. ಹೆಣ್ಣಿನ ಹೆಸರು ಥರ್ಮೋಡೈನಮಿಕ್ಸು. ನಂಗೇನೋ ಒಪ್ಪಿಗೆ, ಅವಳೇ ಒಪ್ತಿಲ್ಲ" ಎನ್ನುತ್ತಿದ್ದರು.

ಆಗ ಅವರಿಗೆ ನಲವತ್ತು ಹತ್ತಿರ ಬಂದಿತ್ತು. ಡಿಪ್ಲೊಮಾ ಮುಗಿಸಿದ ವರ್ಷವೇ ಕಬ್ಬಿಣ ಕೊರೆಯುವ ಲೇತ್ ಯಂತ್ರದ ಮುಂದೆ ನಿಂತವರು, ಅಲ್ಲೇ ತಲೆ ಬೆಳ್ಳಗಾಗಿಸಿಕೊಂಡಿದ್ದರು. ಈಗ ಸಂಜೆ ಕಾಲೇಜಿಗೆ ಸೇರಿ ಮೆಕ್ಯಾನಿಕಲ್ ಬಿ.ಇ. ಓದುತ್ತಿದ್ದರು. ಮೊದಲ ದಿನ ಕ್ಲಾಸಿನೊಳಗೆ ಕಾಲಿಟ್ಟಾಗ ಮೇಷ್ಟ್ರು ಬಂದರೆಂದು ಹುಡುಗರೆಲ್ಲ ಎದ್ದು ನಿಂತರಂತೆ. "ನಾನೂ ತಿರುಗಿ ನೋಡ್ದೆ, ಹಿಂದೆ ಯಾರು ಬಂದ್ರು ಅಂತ" ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ನಮ್ಮ ಕಾರ್ಖಾನೆಯಲ್ಲಿ ಇದ್ದದ್ದು ಎರಡೇ ಜಾತಿ. ನೀಲಿ ಅಂಗಿಯವರು ವರ್ಕರು, ಬಿಳಿ ಅಂಗಿಯವರು ಸ್ಟಾಫು. ಊಟದ ಸಾಲೂ ಬೇರೆ, ಲೋಟವೂ ಬೇರೆ. ಡಿಪ್ಲೊಮಾದವರು ಎಷ್ಟು ವರ್ಷ ದುಡಿದರೂ ನೀಲಿ, ಬಿ.ಇ. ಆದರೆ ಮಾತ್ರ ಬಿಳಿ. ಆದರೆ ನಂಜುಂಡಣ್ಣನಿಗೆ ಅಂಗಿಯ ಹುಚ್ಚು ಇರಲಿಲ್ಲ. ಅವರ ಆಸೆ ಬೇರೆಯದು. "ಇಷ್ಟು ವರ್ಷ ಬೇರೆಯವರು ಸೈನ್ ಹಾಕಿದ ಡ್ರಾಯಿಂಗ್ ನೋಡ್ಕೊಂಡು ಕಬ್ಬಿಣ ಕೊರ್ದಿದೀನಿ. ರಿಟೈರ್ ಆಗೋದ್ರೊಳಗೆ ಒಂದು ಡ್ರಾಯಿಂಗ್ ಮೇಲಾದ್ರೂ ನನ್ನ ಸೈನ್ ಇರ್ಬೇಕು ಕಣೋ" ಎನ್ನುತ್ತಿದ್ದರು. ಹೇಳುವಾಗ ಗಾಳಿಯಲ್ಲೇ ಸೈನ್ ಹಾಕುತ್ತಿದ್ದರು.

ಮೊದಲ ವರ್ಷದ ಫೀಸಿಗೆ ಅವರ ಹೆಂಡತಿ ರತ್ನಕ್ಕನ ಸರ ಗಿರವಿ ಅಂಗಡಿ ಸೇರಿತು. ಉಳಿದದ್ದಕ್ಕೆ ಬ್ಯಾಂಕಿನಲ್ಲಿ ಸಾಲ. ಆ ಸಾಲ ಮಾಡುವ ಮುಂಚೆ ಅವರು ಸೀಮೆಸುಣ್ಣ ಹಿಡಿದು ಟೂಲ್ ಬೀರುವಿನ ಬಾಗಿಲ ಮೇಲೆ ಲೆಕ್ಕ ಹಾಕಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಈ ಕಡೆ ನೀಲಿ ಅಂಗಿಯ ಸಂಬಳ, ಆ ಕಡೆ ಬಿಳಿ ಅಂಗಿಯದು. ಕೆಳಗೆ ಫೀಸು, ಬಡ್ಡಿ, ಪುಸ್ತಕ, ಬಸ್ಸು, ಕೊನೆಗೆ ಸೋಪು ಕೂಡ. ಐದಾರು ವರ್ಷದಲ್ಲಿ ಸಾಲ ತೀರಿ, ಸರ ಮನೆಗೆ ಬಂದು, ಮೇಲೆ ಒಂದಿಷ್ಟು ಉಳಿಯಬೇಕು. ಎರಡು ಸಲ ಕೂಡಿದರು. ನಾನೂ ಕೂಡಿ ನೋಡಿದೆ, ಸರಿಯಾಗಿತ್ತು.

ಮುಂದಿನ ವರ್ಷ ನಾನೂ ಸೇರುತ್ತೇನೆ ಎಂದೆ. ಅವರು ತಡೆದರು. ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ನೂರು ಪೀಸು ಮಾಡುವ ಮೊದಲು ಒಂದೇ ಒಂದು ಮಾಡಿ, ಅಳತೆಗೆ ಕೊಟ್ಟು, ಅದು ಪಾಸಾದ ಮೇಲೆ ಉಳಿದವಕ್ಕೆ ಕೈ ಹಾಕುವುದು. "ಫಸ್ಟ್ ಪೀಸ್ ನಾನಾಗ್ತೀನಿ ತಡಿ. ಪಾಸಾದ್ರೆ ನೀವೆಲ್ಲ ಬನ್ನಿ, ಸುಮ್ನೆ ಮೆಟೀರಿಯಲ್ ಯಾಕೆ ಹಾಳು ಮಾಡೋದು" ಎಂದರು. ನಾನು ಕಾದೆ.

ಎರಡು ವಿಷಯದಲ್ಲಿ ಬಿದ್ದು ಎದ್ದು, ಅಂತೂ ಅವರು ಪಾಸಾದರು. ಕಾರ್ಖಾನೆಯವರು ಮಾತಿಗೆ ತಪ್ಪಲಿಲ್ಲ, ಬಿಳಿ ಅಂಗಿ ಕೊಟ್ಟರು. ನಾವು ಚಂದಾ ಎತ್ತಿ ಮೈಸೂರುಪಾಕು ಹಂಚಿದೆವು. ರತ್ನಕ್ಕ ಆ ಅಂಗಿಗೆ ನೀಲಿ ಹಾಕಿ ಒಗೆದು, ಗಂಜಿ ಕೊಟ್ಟು, ಕಾಲರು ಕತ್ತು ಕೊಯ್ಯುವಷ್ಟು ಗಟ್ಟಿಯಾಗಿಸಿದ್ದರು.

ಲೆಕ್ಕದಲ್ಲಿ ಬಿಟ್ಟುಹೋದದ್ದು ಏನೆಂದು ತಿಳಿದದ್ದು ಆ ತಿಂಗಳ ಮಧ್ಯದಲ್ಲಿ. ನಮ್ಮಲ್ಲಿ ಹೆಚ್ಚುವರಿ ಗಂಟೆಗಳ ದುಡಿಮೆಗೆ ಓಟಿ ಎನ್ನುತ್ತಿದ್ದೆವು. ಕಾಲೇಜಿದ್ದ ವರ್ಷಗಳಲ್ಲೂ ನಂಜುಂಡಣ್ಣ ಭಾನುವಾರ, ರಜಾದಿನಗಳಲ್ಲಿ ಬಂದು ಓಟಿ ಮಾಡುತ್ತಿದ್ದರು. ಅದರ ಹಣ ಸಂಬಳದ ಜೊತೆ ಬರುತ್ತಿರಲಿಲ್ಲ, ತಿಂಗಳ ನಡುವೆ ಬೇರೆ ಕವರಿನಲ್ಲಿ ಕೊಡುತ್ತಿದ್ದರು. ನಂಜುಂಡಣ್ಣ ಆ ಕವರನ್ನು ಒಡೆಯದೆ ರತ್ನಕ್ಕನಿಗೆ ಕೊಡುತ್ತಿದ್ದರು. ದಿನಸಿ, ಹಾಲು, ಚೀಟಿ, ನೆಂಟರಿಷ್ಟರ ಮುಯ್ಯಿ ಎಲ್ಲ ಅದರಲ್ಲೇ ನಡೆಯುತ್ತಿತ್ತು. ಅವರ ತಲೆಯಲ್ಲಿ ಅದು ಸಂಬಳವೇ ಆಗಿರಲಿಲ್ಲ. ನನ್ನ ತಲೆಯಲ್ಲೂ ಆಗಿರಲಿಲ್ಲ. ಬೀರುವಿನ ಬಾಗಿಲ ಮೇಲೆ ಅದಕ್ಕೊಂದು ಸಾಲು ನಾವಿಬ್ಬರೂ ಬರೆಯಲಿಲ್ಲ.

ಅಂದು ಅವರು ಅಭ್ಯಾಸಬಲದಿಂದ ನಮ್ಮ ಜೊತೆ ಕವರಿನ ಸಾಲಿನಲ್ಲಿ ನಿಂತಿದ್ದರು. ನೀಲಿ ಅಂಗಿಗಳ ನಡುವೆ ಒಂದು ಬಿಳಿ ಅಂಗಿ. ಕಿಟಕಿಯ ಗುಮಾಸ್ತ ತಲೆಯೆತ್ತಿ, "ಸಾರ್, ನೀವು ಈಗ ಸ್ಟಾಫು. ಸ್ಟಾಫ್‌ಗೆ ಓಟಿ ಇಲ್ಲ ಸಾರ್" ಎಂದ. ಆ ಗುಮಾಸ್ತನ ಬಾಯಲ್ಲಿ ಅವರಿಗೆ ಸಾರ್ ಎಂಬ ಮಾತು ಬಂದದ್ದು ಅದೇ ಮೊದಲು. ನಂಜುಂಡಣ್ಣ "ಹೌದಲ್ವಾ" ಎಂದು ಸಾಲಿನಿಂದ ಆಚೆ ಬಂದರು. ನನ್ನ ಕೈಗೆ ನನ್ನ ಕವರು ಬಂದಾಗ ಅದನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ.

ಸಂಬಳ ಏರಿತ್ತು, ಆದರೆ ಕೈಗೆ ಬರುವುದು ಮೊದಲಿಗಿಂತ ಇಳಿಯಿತು. ಅದರಲ್ಲೇ ಸಾಲದ ಕಂತು. ಮೊದಲು ರಾತ್ರಿ ಎಂಟರವರೆಗೆ ನಿಂತರೆ ದುಡ್ಡು; ಈಗ ಒಂಬತ್ತರವರೆಗೆ ನಿಂತರೂ ಬರೀ ಮರ್ಯಾದೆ. ಆದರೂ ಅವರ ಸೈನ್ ಡ್ರಾಯಿಂಗ್ ಮೇಲೆ ಬಂತು. ಒಂದು ಸಣ್ಣ ಬುಷ್‌ನ, ಅಂದರೆ ಅಚ್ಚಿನ ಸುತ್ತ ಕೂರುವ ಲೋಹದ ಬಳೆಯ, ಡ್ರಾಯಿಂಗ್ ಅದು. ನನ್ನ ಮೆಷಿನ್ನಿಗೇ ತಂದು ಕ್ಲಿಪ್ಪಿಗೆ ಸಿಕ್ಕಿಸಿ, "ನೀನೇ ಮಾಡ್ಬೇಕು ಇದನ್ನ" ಎಂದು ಮೊದಲ ಪೀಸು ಇಳಿಯುವವರೆಗೂ ಅಲ್ಲಾಡದೆ ನಿಂತಿದ್ದರು. ಅವತ್ತಿನ ಅವರ ಮುಖ ನನಗೆ ಮರೆಯುವುದಿಲ್ಲ.

ಎರಡು ವರ್ಷ ಕಳೆಯುವುದರೊಳಗೆ ಕಾರ್ಖಾನೆ ಮುಚ್ಚಿತು. ಮೆಷಿನ್ನುಗಳು ಲಾರಿ ಹತ್ತಿ ಬೇರೆ ರಾಜ್ಯಕ್ಕೆ ಹೋದವು. ನಮ್ಮ ಪರವಾಗಿ ಯೂನಿಯನ್ ಕೂತು ಮಾತಾಡಿತು. ನೀಲಿ ಅಂಗಿಯವರಿಗೆಲ್ಲ ಒಳ್ಳೆಯ ಮೊತ್ತವೇ ಸಿಕ್ಕಿತು. ಇಂದು ನನ್ನ ತಲೆಯ ಮೇಲಿರುವ ಸೂರು ಅದರದ್ದೇ. ಸ್ಟಾಫಿಗೆ ಯೂನಿಯನ್ ಇಲ್ಲ. ನಂಜುಂಡಣ್ಣನಿಗೆ ಪರಿಹಾರವೆಂದು ಸಿಕ್ಕಿದ್ದು ಒಂದು ತಿಂಗಳ ಸಂಬಳ ಮತ್ತು ಶುಭ ಹಾರೈಕೆ. ಗೇಟಿನ ಬಳಿ ನಾನು ಅವರ ಮುಖ ನೋಡಲಾರದೆ ನಿಂತಿದ್ದಾಗ ಅವರೇ ನನ್ನ ಬೆನ್ನು ತಟ್ಟಿದರು. "ಫಸ್ಟ್ ಪೀಸ್ ರಿಜೆಕ್ಟು ಕಣೋ. ನೀನು ಉಳ್ಕೊಂಡ್ಯಲ್ಲ, ಸಾಕು."

ಆಮೇಲೆ ಹೊಸ ಬಿ.ಇ.ಗಳಿಗೆ ಜಾಗವಿದ್ದ ಕಡೆ ಅವರ ವಯಸ್ಸು ಅಡ್ಡಬಂತು. ಲೇತ್ ಕೆಲಸ ಕೇಳಲು ಹೋದರೆ ಬಿ.ಇ.ಯೇ ಅಡ್ಡಬಂತು. ಓದಿದವರು ನಿಲ್ಲುವುದಿಲ್ಲ ಎಂಬುದು ಸಣ್ಣ ಶೆಡ್ಡಿನವರ ಅನುಭವ. ಕೊನೆಗೆ ಅವರು ಬಿ.ಇ. ವಿಷಯ ಬಾಯಿಬಿಡದೆ, ಬರೀ ಡಿಪ್ಲೊಮಾ ಎಂದು ಹೇಳಿ, ಪೀಣ್ಯದ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಲೇತ್ ಮುಂದೆ ನಿಂತರು. ಹಳೆಯ ಸಾಲ ತೀರಿಸಲು ಹೊಸ ಸಾಲ ಮಾಡಿದ್ದರು.

ನಾನು ಅವರನ್ನು ಕಡೆಯದಾಗಿ ಕಂಡದ್ದು ಮೆಟ್ರೋ ಕಂಬದ ಕೆಳಗಿನ ಟೀ ಅಂಗಡಿಯಲ್ಲಿ. ಉಗುರಿನ ಸಂದಿಯೆಲ್ಲ ಕಪ್ಪಾಗಿತ್ತು. ಸೋಪು ಎಲ್ಲಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬೇರೆ ಮಾತು ಹೊಳೆಯದೆ, "ಅಣ್ಣ, ಓದಿದ್ದು ವೇಸ್ಟ್ ಅನ್ಸುತ್ತಾ?" ಎಂದುಬಿಟ್ಟೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಟೀ ಊದಿಕೊಂಡು ಕುಡಿದರು. "ದುಡ್ಡಿನ ಲೆಕ್ಕದಲ್ಲಿ ಲಾಸೇ ಕಣೋ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಒಂದಿನ ಕ್ಲಾಸಲ್ಲಿ ಶಾಖ ಯಾವ ಕಡೆ ಹರಿಯುತ್ತೆ, ಯಾಕೆ ಹರಿಯುತ್ತೆ ಅಂತ ಹೇಳಿದ್ರು. ಅಷ್ಟು ವರ್ಷ ಬಿಸಿ ಪೀಸ್ ಮುಟ್ಟಿ ಕೈ ಸುಟ್ಕೊಂಡಿದ್ದೆ, ಯಾಕೆ ಅಂತ ಯಾರೂ ಹೇಳಿರ್ಲಿಲ್ಲ. ಆವತ್ತು ಬಸ್ಸಲ್ಲಿ ಸೀಟಿದ್ರೂ ನಿಂತ್ಕೊಂಡೇ ಮನೆಗೆ ಬಂದೆ. ಅದಕ್ಕೆಷ್ಟು ಹಾಕ್ತೀಯ?" ಲೋಟ ಕೆಳಗಿಟ್ಟು, "ರತ್ನನ ಸರ ಒಂದು ಬಿಡಿಸ್ಬೇಕಿತ್ತು" ಎಂದರು. ಟೀಯ ದುಡ್ಡು ನನಗೆ ಕೊಡಲು ಬಿಡಲಿಲ್ಲ.

ಮೂರು ತಿಂಗಳಿಗೆ ಸುದ್ದಿ ಬಂತು. ಶೆಡ್ಡಿನಲ್ಲೇ ಎದೆ ನೋವೆಂದು ಕೂತವರು ಏಳಲಿಲ್ಲ.

ಲಗ್ಗೆರೆಯ ಅವರ ಬೀದಿಯ ಮೂಲೆಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಯಾವ ಫೋಟೋ, ಏನು ಬರೆಸಲಿ ಎಂದು ರತ್ನಕ್ಕನನ್ನು ಕೇಳಿದೆ. ಅಳು ನಿಲ್ಲಿಸಿ ಒಂದೇ ಮಾತು ಹೇಳಿದರು. "ಹೆಸರಿನ ಮುಂದೆ ಬಿ.ಇ. ಅಂತ ಹಾಕ್ಸು ಸತೀಶ. ದೊಡ್ಡದಾಗಿ." ಹಾಗೆಯೇ ಹಾಕಿಸಿದೆ. ಬಿಳಿ ಅಂಗಿಯ ಫೋಟೋ, ಕೆಳಗೆ ಕೆಂಪಕ್ಷರದಲ್ಲಿ ನಂಜುಂಡಪ್ಪ, ಬಿ.ಇ.

ತಿಥಿಯ ದಿನ ಶೆಡ್ಡಿನ ಮಾಲೀಕರು ಬಂದರು. ಒಳ್ಳೆಯ ಮನುಷ್ಯ, ಖರ್ಚಿಗೆಂದು ಒಂದಿಷ್ಟು ಹಣವನ್ನೂ ತಂದಿದ್ದರು. ಫ್ಲೆಕ್ಸ್ ನೋಡಿ ಬಂದವರು ರತ್ನಕ್ಕನ ಮುಂದೆ ನಿಂತು, "ಅಲ್ಲಮ್ಮ, ಹೊರಗೆ ಬಿ.ಇ. ಅಂತ ಹಾಕಿದೀರಲ್ಲ, ನಮ್ಮತ್ರ ಡಿಪ್ಲೊಮಾ ಅಂತಿದ್ರು. ಯಾವುದು ನಿಜ?" ಎಂದು ಮೆಲ್ಲಗೆ ಕೇಳಿದರು.

ರತ್ನಕ್ಕ ಬರಿಗೊರಳಿನ ಮೇಲೆ ಸೆರಗು ಎಳೆದುಕೊಂಡರು.

"ಬಿ.ಇ.ನೇ ಸಾರ್" ಎಂದರು. "ಸಾಲ ಇನ್ನೂ ಕಟ್ತಾ ಇದೀವಿ."