ಆಣೆ ಕರಗಿಸುವ ಉಪ್ಪಿನ ಆಪಾ

ಬೆಳಗಿನ ಐದೂವರೆ. ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಈ ಹೊತ್ತಿಗೆ ಸೇರುವ ಜನರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಸಾಲಿನ ಬಾಲ ರಾಯಚೂರಿನ ಕೋಟೆಗೆ ಹೋಗಿ ತಾಗುತ್ತದೆ. ಇಲ್ಲಿನ ಚಹಾದಂಗಡಿಯ ಸ್ಟೋವಿನ ಅಬ್ಬರಕ್ಕೆ ಸುತ್ತಲಿನ ಕೋಳಿಗಳು ಕೂಗುವುದನ್ನೇ ಬಿಟ್ಟು ಎಷ್ಟೋ ವರ್ಷವಾಯಿತು. ಇಷ್ಟು ಗದ್ದಲದ ನಡುವೆ ಮೂವತ್ತೊಂಬತ್ತರ ಕಹಕಶಾ ಮಸ್ಕಿ ಬಸ್ಸಿನ ಕಿಟಕಿ ಪಕ್ಕ ಕೂತು ಕೈಯೊಳಗಿನ ಫೋನನ್ನೇ ನೋಡುತ್ತಿದ್ದಾರೆ. ಕಾಲಡಿಯ ಚೀಲದಲ್ಲಿ ಒಂದು ಸ್ಟೀಲಿನ ಚೊಂಬು, ಒಂದು ಡಬ್ಬಿ ಹರಳುಪ್ಪು, ನಾಲ್ಕು ಸೀಮೆಸುಣ್ಣ. ಫೋನು ಬಾಯಿ ಬಿಡುತ್ತಿಲ್ಲ.

ನಿನ್ನೆ ಸಂಜೆ ಏಳಕ್ಕೆ ಅದು ಒಮ್ಮೆ ಬಾಯಿ ಬಿಟ್ಟಿತ್ತು. ಗುರುತಿಲ್ಲದ ನಂಬರು, ಹುಡುಗಿಯೊಬ್ಬಳ ಪಿಸುದನಿ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ.

“ಆಪಾ, ಉಪ್ಪು ಮುಟ್ಟಿ ಮಾಡಿದ ಆಣಿ ಫೋನ್‌ನ್ಯಾಗ ಕರಗತೈತೇನ್ರೀ?”

ಕಹಕಶಾ ಉಸಿರೆಳೆದುಕೊಳ್ಳುವಷ್ಟರಲ್ಲಿ ಕರೆ ಕಟ್ಟಾಗಿತ್ತು. ಆಮೇಲೆ ಆ ನಂಬರಿಗೆ ಆಕೆ ಹಚ್ಚಿದ ಕರೆಗಳನ್ನು ಎಣಿಸಲು ಒಬ್ಬ ಗುಮಾಸ್ತ ಸಾಲುವುದಿಲ್ಲ. ಪ್ರತಿ ಸಲವೂ ಸ್ವಿಚ್ ಆಫ್.

ಆ ಒಂದು ಪ್ರಶ್ನೆ ಆಕೆಯ ನಿದ್ದೆಯನ್ನು ಯಾಕೆ ತಿಂದಿತೆಂದು ತಿಳಿಯಬೇಕಾದರೆ ಆಕೆಯ ಕೆಲಸ ತಿಳಿಯಬೇಕು. ಕಹಕಶಾ ಸಣ್ಣದೊಂದು ಟ್ರಸ್ಟಿನ ಸಂಚಾರಿ ಶಿಕ್ಷಕಿ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರು ತಾಲ್ಲೂಕುಗಳ ಇಪ್ಪತ್ಮೂರು ಶಾಲೆಗಳಿಗೆ ಸರದಿಯ ಮೇಲೆ ಹೋಗುತ್ತಾರೆ. ಗಣಿತ, ವಿಜ್ಞಾನ ಯಾವುದೂ ಆಕೆಯದಲ್ಲ. ಗೆಳತಿಯ ಮನಸ್ಸು ಕೆಟ್ಟಾಗ ಗೆಳತಿ ಏನು ಮಾಡಬೇಕು, ಗೆಳೆಯ ಒಳಗೊಳಗೇ ಕುಸಿಯುತ್ತಿದ್ದರೆ ಗೆಳೆಯ ಹೇಗೆ ಗುರುತಿಸಬೇಕು, ಅದಷ್ಟೇ ಪಾಠ. ಐದು ವರ್ಷದಲ್ಲಿ ಹತ್ತು ಸಾವಿರ ಮಕ್ಕಳಿಗೆ ಪಾಠ ಮಾಡಿದ್ದಾರೆಂದು ಟ್ರಸ್ಟಿನ ಮುಖ್ಯಸ್ಥ, ನಿವೃತ್ತ ಹೆಡ್‌ಮಾಸ್ತರ ವಿರೂಪಾಕ್ಷಪ್ಪನವರು ಸಭೆಗಳಲ್ಲಿ ಹೇಳುತ್ತಾರೆ. ಕೇಳಿದರೆ ಕಹಕಶಾ ನಗುತ್ತಾರೆ. “ಸರ್ ಹೇಳೂದು ಭಾಳ ರೀ. ನನ್ನ ಪುಸ್ತಕದಾಗ ಮೂರು ಸಾವಿರದ ನಾನೂರು ಅದಾವ.”

ದಿನಕ್ಕೆ ಎರಡು ಬಸ್ಸು, ಎರಡು ಆಟೋ, ಮೂರು ತರಗತಿ. ಕರಿಹಲಗೆಯ ಮೇಲೆ ಮೊದಲು ಬರೆಯುವುದು 14416, ಮನಸ್ಸಿನ ಕಷ್ಟಕ್ಕೆ ಸರ್ಕಾರವೇ ಇಟ್ಟಿರುವ ಉಚಿತ ಸಹಾಯವಾಣಿ. ಅದರ ಕೆಳಗೆ ತಮ್ಮದೇ ಫೋನ್ ನಂಬರು. ಆಮೇಲೆ ಗುರುತುಗಳು: ಊಟ ಬಿಟ್ಟವರನ್ನು ನೋಡಿರಿ, ಆಟ ಬಿಟ್ಟವರನ್ನು ನೋಡಿರಿ, ಇಷ್ಟದ ಸಾಮಾನುಗಳನ್ನು ಸುಮ್ಮಸುಮ್ಮನೆ ಹಂಚುವವರನ್ನಂತೂ ಕಣ್ಣು ಮಿಟುಕಿಸದೆ ನೋಡಿರಿ. ನೇರವಾಗಿ ಕೇಳಿರಿ. ಕೇಳಿದರೆ ಇಲ್ಲದ ವಿಚಾರ ತಲೆಗೆ ಬರುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಒಬ್ಬರನ್ನೇ ಬಿಡಬೇಡಿರಿ. ದೊಡ್ಡವರಿಗೆ ಹೇಳಿರಿ.

ಈ ಕೊನೆಯ ಮಾತಿಗೆ ಬಂದಾಗಲೇ ಎಲ್ಲ ತರಗತಿಗಳೂ ಕಲ್ಲಾಗುತ್ತವೆ. ಯಾಕೆಂದರೆ ಈ ಕಡೆಯ ಹುಡುಗಿಯರು ಗುಟ್ಟು ಹೇಳುವ ಮುಂಚೆ ಆಣೆ ಹಾಕಿಸುತ್ತಾರೆ. ಒಬ್ಬಳ ದೇವರು ಹುಲಿಗೆಮ್ಮ, ಇನ್ನೊಬ್ಬಳದು ದರ್ಗಾ, ಮತ್ತೊಬ್ಬಳ ಮನೆಯಲ್ಲಿ ಬುದ್ಧನ ಫೋಟೋ. ಹೀಗಾಗಿ ಎಲ್ಲರಿಗೂ ಸಲ್ಲುವ ಒಂದು ಆಣೆ ಹುಟ್ಟಿಕೊಂಡಿದೆ. ಅದು ಉಪ್ಪು. ಬಿಸಿಯೂಟದ ತಟ್ಟೆಯಿಂದ ಒಂದು ಹರಳು ತೆಗೆದು ಇಬ್ಬರೂ ಮುಟ್ಟಿ, ಆಣೆ ಹೊತ್ತವಳು ಅದನ್ನು ಇಟ್ಟುಕೊಂಡರೆ ಮುಗಿಯಿತು. ಕೋರ್ಟು ಕಚೇರಿಯ ಪ್ರಮಾಣಗಳೆಲ್ಲ ಇದರ ಮುಂದೆ ಗಾಳಿಗೆ ಹಾರುವ ಹೊಟ್ಟು. ಈ ಆಣೆ ಮುರಿದರೆ ಅವ್ವನ ಜೀವಕ್ಕೆ ಎರವು ಎಂದು ಎಂಟನೇ ತರಗತಿಯಿಂದಲೇ ಎಲ್ಲರಿಗೂ ಗೊತ್ತು.

ಈ ಬಂಡೆಯನ್ನು ಒಡೆಯಲು ಕಹಕಶಾ ಒಂದು ಉಪಾಯ ಮಾಡಿದ್ದರು. ತರಗತಿಯಲ್ಲಿ ಚೊಂಬು ಇಟ್ಟು, ನೀರು ತುಂಬಿಸಿ, ಉಪ್ಪು ಹಾಕಿ ತಿರುವುತ್ತಾರೆ. ಎಲ್ಲಿ ಹೋಯಿತು ಉಪ್ಪು? ಕರಗಿತು. ಆಣೆಯೂ ಕರಗಿತು. ಇನ್ನು ಹೇಳಬಹುದು. ಮಕ್ಕಳು ಸಾಲುಗಟ್ಟಿ ಬಂದು ಒಂದೊಂದು ಹರಳು ಹಾಕುತ್ತಾರೆ, ಅವರಲ್ಲಿ ಒಬ್ಬರಿಬ್ಬರು ತರಗತಿ ಮುಗಿದ ಮೇಲೆ ಹಿಂದೆ ಉಳಿಯುತ್ತಾರೆ. ಹಾಗೆ ಹಿಂದೆ ಉಳಿದವರು ಐದು ವರ್ಷದಲ್ಲಿ ನೂರಾ ಹನ್ನೆರಡು. ಆಕೆಗೆ ಉಪ್ಪಿನ ಆಪಾ, ಅಂದರೆ ಉಪ್ಪಿನ ಅಕ್ಕ, ಎಂಬ ಹೆಸರು ಬಿದ್ದದ್ದೂ ಹೀಗೆಯೇ.

ಆದರೆ ನಿನ್ನೆಯ ಆ ಪಿಸುಮಾತು ಕೇಳಿದ ಮೇಲೆ ಆಕೆಗೆ ತನ್ನ ತಪ್ಪು ಹೊಳೆದಿದೆ. ಕರಗಿಸುವುದನ್ನು ಕಲಿಸಿದ್ದಾರೆ, ಸರಿ. ಆದರೆ ಪ್ರತಿ ಸಲ ಚೊಂಬು ಆಪಾನದು, ಉಪ್ಪು ಆಪಾನದು, ತಿರುವುವ ಕೈಯೂ ಆಪಾನದು. ಆಪಾ ಬಾರದೆ ಆಣೆ ಕರಗುವುದಿಲ್ಲ ಎಂದು ಮಕ್ಕಳು ನಂಬಿಬಿಟ್ಟಿದ್ದಾರೆ. ಎಲ್ಲಿಯೋ ಒಬ್ಬ ಹುಡುಗಿ ಗೆಳತಿಯ ಗುಟ್ಟನ್ನು ಕೆಂಡದಂತೆ ಅಂಗೈಯಲ್ಲಿ ಹಿಡಿದುಕೊಂಡು ಆಪಾ ಬರುವ ದಿನಕ್ಕೆ ಕಾಯುತ್ತಿದ್ದಾಳೆ. ಇಪ್ಪತ್ಮೂರು ಶಾಲೆಗಳಲ್ಲಿ ಎಲ್ಲಿ?

“ಬಾಗಲಾ ತಗಿಯೂದು ಕಲಿಸಿ ಚಾವಿ ನಾನ ಇಟಗೊಂಡು ಅಡ್ಡ್ಯಾಡೀನಿ ರೀ,” ಎನ್ನುತ್ತಾರೆ ಕಹಕಶಾ. ಬಸ್ಸು ಹೊರಡುತ್ತದೆ. ರಾತ್ರಿಯೇ ಅವರು ವಿರೂಪಾಕ್ಷಪ್ಪನವರಿಗೆ ತಿಳಿಸಿದ್ದಾರೆ, ಅವರು ಒಬ್ಬೊಬ್ಬರೇ ಹೆಡ್‌ಮಾಸ್ತರರಿಗೆ ಫೋನು ಹಚ್ಚುತ್ತಿದ್ದಾರೆ. ಆರೂವರೆಯವರೆಗೆ ಒಂಬತ್ತು ಶಾಲೆಗಳಿಂದ ಬಂದ ಉತ್ತರ ಒಂದೇ: ನಮ್ಮಲ್ಲಿ ಅಂಥದ್ದೇನೂ ಇಲ್ಲ. ಅಂಥದ್ದೇನೂ ಇಲ್ಲ ಎಂಬ ಮಾತಿಗೆ ಕಹಕಶಾ ಹೆದರುವಷ್ಟು ಹಾವಿಗೂ ಹೆದರುವುದಿಲ್ಲ.

ಮಸ್ಕಿಯಲ್ಲಿ ಇಳಿದಾಗ ಎದುರಿಗೆ ಹುಲಿಗೇಶನ ಟಂಟಂ ನಿಂತಿದೆ. ಆರು ಜನರ ಈ ಆಟೋದಲ್ಲಿ ಆತ ಹದಿನಾರು ಜನರನ್ನು, ಎರಡು ಚೀಲ ತೊಗರಿಯನ್ನು, ಒಂದು ಹೋತವನ್ನು ಸರಾಗವಾಗಿ ಕೂಡಿಸುತ್ತಾನೆ. ಯಮ ಬಂದರೂ ಹಿಂದೆ ಜೋತಾಡಿಕೊಂಡೇ ಬರಬೇಕು. ಮೂರು ತಾಲ್ಲೂಕಿನಲ್ಲಿ ಯಾವ ಮನೆಯ ಹಾಲು ಎಷ್ಟೊತ್ತಿಗೆ ಉಕ್ಕುತ್ತದೆ ಎಂಬುದೂ ಅವನಿಗೆ ಗೊತ್ತು. ಕಹಕಶಾ ಅವನಿಗೆ ಹೆಸರು, ಗುಟ್ಟು ಯಾವುದನ್ನೂ ಹೇಳುವುದಿಲ್ಲ. ಕರೆಯ ಹಿಂದೆ ಕೇಳಿಸಿದ ಸದ್ದನ್ನು ಮಾತ್ರ ಹೇಳುತ್ತಾರೆ: ಹಿಟ್ಟಿನ ಗಿರಣಿಯ ಬೆಲ್ಟು ಪಟಪಟ ಬಡಿಯುವ ಸದ್ದು, ಸಂಜೆ ಏಳಕ್ಕೆ.

ಹುಲಿಗೇಶ ಬಾಯೊಳಗಿನ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುತ್ತಾನೆ. “ಈ ವಾರ ಸಂತೆಕಲ್ಲೂರು ಕಡೆ ತ್ರೀ ಫೇಸ್ ಕರೆಂಟು ಹಗಲಿ ಅಷ್ಟ ಐತ್ರಿ ಆಪಾ. ಸಂಜಿಮುಂದ ಗಿರಣಿ ನಡಿಯೂದಂದ್ರ ಪಾಮನಕಲ್ಲೂರು ಕಡೇನ. ನನ್ನ ಹೆಂಡ್ತಿ ನಿನ್ನಿ ಅಲ್ಲೇ ಹಿಟ್ಟು ಹಾಕಿಸ್ಯಾಳ.”

ಕಹಕಶಾ ಉಪ್ಪಿನ ಡಬ್ಬಿಯನ್ನು ಎದೆಗವಚಿಕೊಂಡು ಹತ್ತುತ್ತಾರೆ. ಪಾಮನಕಲ್ಲೂರಿನ ಪ್ರೌಢಶಾಲೆಗೆ ಆಕೆ ಮತ್ತೆ ಹೋಗಬೇಕಾಗಿದ್ದದ್ದು ಮುಂದಿನ ಸೋಮವಾರ. ಇಂದು ಬುಧವಾರ. ಸೋಮವಾರಕ್ಕೆ ಇನ್ನೂ ಐದು ದಿನ. ಐದು ದಿನ ಎಷ್ಟು ಉದ್ದವೆಂದು ಆಕೆಗಿಂತ ಚೆನ್ನಾಗಿ ಬಲ್ಲವರು ಈ ಸೀಮೆಯಲ್ಲಿಲ್ಲ.

ಯಾಕೆಂದರೆ ಹದಿನೇಳರ ವಯಸ್ಸಿನಲ್ಲಿ ಆಕೆಯೂ ಉಪ್ಪು ಮುಟ್ಟಿಸಿದ್ದಳು. ಸಂತೆಕಲ್ಲೂರಿನ ದರ್ಜಿ ಮಸ್ತಾನಸಾಬರ ಮಗಳಾದ ಕಹಕಶಾ ಲಿಂಗಸುಗೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದ ಕಾಲ. ತಿಂಗಳುಗಟ್ಟಲೆ ನಿದ್ದೆಯಿಲ್ಲ, ಪುಸ್ತಕ ತೆರೆದರೆ ಅಕ್ಷರಗಳು ಇರುವೆಗಳಂತೆ ಹರಿದಾಡುತ್ತಿದ್ದವು. ಇನ್ನು ಬದುಕುವುದು ಬೇಡ ಎಂದು ಕೋಣೆಯ ಗೆಳತಿ ಗದ್ದೆಮ್ಮನಿಗೆ ಹೇಳಿದಳು, ಯಾರಿಗೂ ಹೇಳಬಾರದೆಂದು ಉಪ್ಪು ಮುಟ್ಟಿಸಿದಳು. ಗದ್ದೆಮ್ಮ ಮೂರು ದಿನ ಊಟ ಬಿಟ್ಟಳು. ನಾಲ್ಕನೇ ದಿನ ಆ ಹರಳನ್ನು ಚೊಂಬಿನ ನೀರಿಗೆ ಹಾಕಿ, ಅದು ಕಾಣದಾಗುವವರೆಗೆ ನೋಡಿ, ನೆಟ್ಟಗೆ ವಾರ್ಡನ್ ಕೋಣೆಗೆ ನಡೆದಳು. ಚೊಂಬಿನ ಪಾಠವನ್ನು ಕಂಡುಹಿಡಿದವಳು ಅವಳೇ. ಕಹಕಶಾಗೆ ಚಿಕಿತ್ಸೆ ಸಿಕ್ಕಿತು. ಆದರೆ ಗದ್ದೆಮ್ಮನ ಜೊತೆ ಆಕೆ ಒಂದೂವರೆ ವರ್ಷ ಮಾತಾಡಲಿಲ್ಲ.

ಪಾಮನಕಲ್ಲೂರಿನ ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತು. ಮುಖ್ಯೋಪಾಧ್ಯಾಯಿನಿ ಪದ್ಮಾವತಿ ಮೇಡಂ ಹೆಚ್ಚು ಕೇಳದೆ ಹತ್ತು ನಿಮಿಷ ಬಿಟ್ಟುಕೊಡುತ್ತಾರೆ. ಇನ್ನೂರು ಮಕ್ಕಳ ಎದುರು ಕಹಕಶಾ ಚೊಂಬನ್ನು ಚೀಲದಿಂದ ಹೊರಗೆ ತೆಗೆಯುವುದೇ ಇಲ್ಲ. ನಾನು ಒಂದು ಪಾಠವನ್ನು ತಪ್ಪಾಗಿ ಕಲಿಸಿದ್ದೇನೆ ಎಂದು ಶುರು ಮಾಡುತ್ತಾರೆ. ಟೀಚರು ತಪ್ಪು ಒಪ್ಪಿಕೊಳ್ಳುವುದು ಸೂರ್ಯ ಪಡುವಣದಲ್ಲಿ ಮೂಡಿದಷ್ಟೇ ಅಪರೂಪವಾದ್ದರಿಂದ ಕಡೆಯ ಸಾಲಿನ ಹುಡುಗರೂ ಗುಸುಗುಸು ನಿಲ್ಲಿಸುತ್ತಾರೆ.

“ಉಪ್ಪು ಕರಗಸಾಕ ನಾ ಬೇಕಾಗಿಲ್ಲ. ನಿಮ್ಮ ಮನಿ ಕೊಡದಾಗ ಕರಗತೈತಿ, ಶಾಲಿ ನಳದಾಗ ಕರಗತೈತಿ. ಬಾಯಾಗ ಹಾಕ್ಕೊಂಡ್ರ ಅಲ್ಲೂ ಕರಗತೈತಿ. ಯಾರಿಗೂ ಏನೂ ಆಗೂದಿಲ್ಲ, ಯಾರ ಅವ್ವಗೂ ಏನೂ ಆಗೂದಿಲ್ಲ. ನನಗ ಕಾಯಬ್ಯಾಡ್ರಿ.”

ಆಮೇಲೆ ಅವರು ನೀರಿನ ಟಾಕಿಯ ಪಕ್ಕ, ಆಫೀಸಿನ ಕಿಟಕಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಮಕ್ಕಳು ತರಗತಿಗೆ ಹೋಗುತ್ತಾರೆ. ಐದು ನಿಮಿಷ, ಹತ್ತು ನಿಮಿಷ. ಬೇರೆ ಶಾಲೆಯೋ? ಹುಲಿಗೇಶನ ಲೆಕ್ಕ ತಪ್ಪಿತೋ? ಹದಿನೈದನೇ ನಿಮಿಷಕ್ಕೆ ಹತ್ತನೇ ತರಗತಿಯಿಂದ ಒಬ್ಬ ಹುಡುಗಿ ನೀರು ಕುಡಿಯುವ ನೆಪದಲ್ಲಿ ಬರುತ್ತಾಳೆ. ಎಡಗೈ ಮುಷ್ಟಿ. ನಳದ ಕೆಳಗೆ ಮುಷ್ಟಿಯನ್ನು ಹಿಡಿದು ಮೆಲ್ಲಗೆ ಬಿಚ್ಚುತ್ತಾಳೆ. ಬೆವರಿಗೆ ಅರ್ಧ ಕರಗಿದ್ದ ಹರಳು ಉಳಿದರ್ಧವೂ ಕರಗಿ ಹೋಗುತ್ತದೆ. ಅವಳ ಹೆಸರು ಅಂಬಿಕಾ. ನಿನ್ನೆ ಅಣ್ಣನ ಫೋನು ಕದ್ದು ಕರೆ ಮಾಡಿದವಳು ಅವಳೇ. ಅಣ್ಣ ಬಂದನೆಂದು ಕಟ್ ಮಾಡಿ, ಆಪಾ ತಿರುಗಿ ಹಚ್ಚಿದರೆ ಗುಟ್ಟು ಬಯಲಾಗುತ್ತದೆಂದು ಆಫ್ ಮಾಡಿಟ್ಟಿದ್ದಳು.

“ದೀಪಾ ನಾಕು ದಿನದಿಂದ ಶಾಲಿಗೆ ಬಂದಿಲ್ರಿ ಆಪಾ,” ಎನ್ನುತ್ತಾಳೆ ಅಂಬಿಕಾ. “ಆಕಿ ಬಳಿ, ಕಂಪಾಸ್ ಪೆಟ್ಟಿಗಿ ಎಲ್ಲಾ ನನಗ ಕೊಟ್ಟಾಳ. ಇನ್ನ ನನಗ ಬೇಕಾಗೂದಿಲ್ಲ ಅಂದಾಳ. ನೀವು ಸೋಮವಾರ ಬಂದು ಕರಗಸ್ತೀರಿ ಅಂತ ಕಾಯಾಕತ್ತಿದ್ನಿ ರೀ.”

ಆಮೇಲಿನ ಮುನ್ನೂರು ಹೆಜ್ಜೆಗಳನ್ನು ಕಹಕಶಾ, ಪದ್ಮಾವತಿ ಮೇಡಂ, ಅಂಬಿಕಾ ಮೂವರೂ ನಡೆಯುತ್ತಾರೋ ಹಾರುತ್ತಾರೋ ಹೇಳುವುದು ಕಷ್ಟ. ಆ ಓಣಿಯ ನಾಯಿಗಳು ಬೊಗಳಬೇಕೆಂದು ನೆನಪಾಗುವ ಮೊದಲೇ ಅವರು ದಾಟಿ ಹೋಗಿದ್ದಾರೆ. ದೀಪಾಳ ಮನೆಯ ಬಾಗಿಲು ಮುಂದೆ ಮಾಡಿದೆ. ಕಹಕಶಾ ಕೈಯಿಟ್ಟು ತಳ್ಳುವ ಆ ಒಂದು ಗಳಿಗೆ ಇಡೀ ಐದು ವರ್ಷಕ್ಕಿಂತ ಉದ್ದವಾಗುತ್ತದೆ.

ಒಳಗೆ, ಜೋಳದ ಚೀಲಗಳ ನಡುವಿನ ಕತ್ತಲೆಯಲ್ಲಿ, ಮೊಣಕಾಲಿಗೆ ಗದ್ದವಿಟ್ಟು ದೀಪಾ ಕೂತಿದ್ದಾಳೆ. ತಾಯಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾರೆ. ಮಗಳಿಗೆ ಹೊಟ್ಟೆನೋವು ಎಂದಷ್ಟೇ ಅವರಿಗೆ ಗೊತ್ತು. ಕಹಕಶಾ ಹುಡುಗಿಯ ಪಕ್ಕದಲ್ಲಿ ನೆಲಕ್ಕೆ ಕೂತು, ಮಕ್ಕಳಿಗೆ ಕಲಿಸಿದ ಹಾಗೆಯೇ, ಸುತ್ತುಬಳಸದೆ ಕೇಳುತ್ತಾರೆ: “ಸಾಯಬೇಕು ಅನಸಾಕತ್ತೈತೇನವ್ವಾ?”

ದೀಪಾ ಹೌದೆಂದು ತಲೆಯಾಡಿಸುತ್ತಾಳೆ. ಬಾಗಿಲಲ್ಲಿ ನಿಂತ ಅಂಬಿಕಾ ಕಂಡಾಗ ಅವಳ ಕಣ್ಣು ಉರಿಯುತ್ತದೆ. “ಉಪ್ಪು ಮುಟ್ಟಿ ಹೇಳಿಬಿಟ್ಟೆಲ್ಲ. ನಿನ್ನ ಮಾರಿ ನೋಡೂದಿಲ್ಲ ನಾ.”

ಅಂಬಿಕಾ ಗೋಡೆಗೆ ಆತು ಅಳುತ್ತಾಳೆ. ತಾಯಿಗೆ ವಿಷಯ ತಿಳಿಸುವುದು, ಅವರು ಎದೆ ಬಡಿದುಕೊಳ್ಳುವುದು ನಿಲ್ಲುವವರೆಗೆ ಕೈ ಹಿಡಿಯುವುದು, ಓಣಿಯವರು ಕೂಡುವ ಮೊದಲೇ ಹುಲಿಗೇಶನನ್ನು ಬಾಗಿಲಿಗೆ ಕರೆಸುವುದು, ಎಲ್ಲವೂ ಅರ್ಧ ಗಂಟೆಯಲ್ಲಿ ಆಗುತ್ತದೆ. ಹುಟ್ಟಿದಂದಿನಿಂದ ಮೊದಲ ಬಾರಿಗೆ ಹುಲಿಗೇಶ ಮೂರೇ ಜನರನ್ನು ಕೂಡಿಸಿಕೊಂಡು, ಯಾರು ಕೈ ಅಡ್ಡ ಮಾಡಿದರೂ ನಿಲ್ಲದೆ ಮಸ್ಕಿಯ ಆಸ್ಪತ್ರೆಗೆ ಆಟೋ ಓಡಿಸುತ್ತಾನೆ. ಅಲ್ಲಿನ ವೈದ್ಯೆ ದೀಪಾಳ ಜೊತೆ ಒಂದು ತಾಸು ಮಾತಾಡುತ್ತಾರೆ. ಇವತ್ತು ಇಲ್ಲೇ ಇರಲಿ, ತಾಯಿ ಒಂದು ಗಳಿಗೆಯೂ ಬಿಟ್ಟಿರಬಾರದು, ನಾಳೆ ರಾಯಚೂರಿನ ಮನೋವೈದ್ಯರಿಗೆ ತೋರಿಸಬೇಕು ಎನ್ನುತ್ತಾರೆ. ಗಂಡಾಂತರ ಮುಗಿಯಿತೆಂದು ಮಾತ್ರ ಯಾರೂ ಹೇಳುವುದಿಲ್ಲ.

ಸಂಜೆ ಕಹಕಶಾ ಮಸ್ಕಿಯ ಒಂದು ರೊಟ್ಟಿ ಕೇಂದ್ರದ ಮುಂದೆ ಕೂತಿದ್ದಾರೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವವರು ಅದೇ ಗದ್ದೆಮ್ಮ. ಅವರ ರೊಟ್ಟಿ ಎಷ್ಟು ತೆಳುವೆಂದರೆ ಅದರ ಆಚೆಯಿಂದ ಬಸ್ಸಿನ ಬೋರ್ಡು ಓದಬಹುದು. ವಾರಕ್ಕೊಮ್ಮೆ ಕಹಕಶಾನ ಡಬ್ಬಿಗೆ ಉಪ್ಪು ತುಂಬಿಸಿ ಕೊಡುವವರೂ ಅವರೇ. ಇಂದು ಡಬ್ಬಿಯ ಮೇಲೆ ಕಹಕಶಾ ಕೈ ಅಡ್ಡ ಇಡುತ್ತಾರೆ. ಇನ್ನು ಮೇಲೆ ಮಕ್ಕಳೇ ಅವರವರ ಮನೆಯಿಂದ ಉಪ್ಪು ತರಲಿ, ಅವರೇ ಕರಗಿಸಲಿ. ಹಾಗಾದರೆ ನಿನಗೆ ಕೆಲಸವೇನು ಉಳಿಯಿತು ಎಂದು ಗದ್ದೆಮ್ಮ ಕೆಣಕುತ್ತಾರೆ.

“ಅದ ನನ್ನ ಆಸೆ ನೋಡು,” ಎನ್ನುತ್ತಾರೆ ಕಹಕಶಾ. “ನಾ ಶಾಲಿಗೆ ಹೋದ್ರ, ನೀವ್ಯಾಕ ಬಂದ್ರಿ ಆಪಾ, ನಾವ ನೋಡಿಕೊಂಡೀವಿ ಅನ್ನಬೇಕು ಹುಡ್ರು.”

ಆಗ ಫೋನು ಬಾಯಿ ಬಿಡುತ್ತದೆ. ನಿನ್ನೆಯ ಅದೇ ನಂಬರು. ಕಹಕಶಾ ಎದ್ದು ನಿಲ್ಲುತ್ತಾರೆ, ಗದ್ದೆಮ್ಮನ ಕೈಯ ಹಿಟ್ಟು ಅಲ್ಲಿಯೇ ನಿಲ್ಲುತ್ತದೆ. ಆಚೆ ಕಡೆ ಅಂಬಿಕಾ ಬಿಕ್ಕುತ್ತಿದ್ದಾಳೆ. ಆಸ್ಪತ್ರೆಯಿಂದ ದೀಪಾ ಅವ್ವನ ಫೋನಿನಲ್ಲಿ ಕರೆ ಮಾಡಿದ್ದಳಂತೆ. ಬಾಯಿಗೆ ಬಂದಂತೆ ಬೈದಳಂತೆ.

“ಎಷ್ಟೊತ್ತು ಬೈದ್ಲು?”

“ಹತ್ತು ನಿಮಿಷ ರೀ. ನಾಳಿಗೆ ಮತ್ತ ಬೈತೀನಿ ಅಂತ ಹೇಳಿ ಇಟ್ಳು.”

ಕಹಕಶಾ ಒಲೆಯ ಪಕ್ಕದ ಗೋಡೆಗೆ ಒರಗುತ್ತಾರೆ. ಬೆಳಗಿನಿಂದ ಬಿಗಿಹಿಡಿದ ಹೆಗಲು ಈಗ ಇಳಿಯುತ್ತದೆ.

“ನಾಳಿಗೆ ಅಂದಾಳಲ್ಲವ್ವಾ, ಬೈಸ್ಕೋ. ನನ್ನ ಗುಟ್ಟು ಹೇಳಿದ ಗೆಳತಿ ಇಲ್ಲೇ ಅದಾಳ, ಈಕಿಗೆ ನಾ ಒಂದೂವರಿ ವರ್ಷ ಬೈದಿದ್ದೂ ಇಲ್ಲ, ಮಾತ ಬಿಟ್ಟಿದ್ನಿ. ಸಿಟ್ಟಾಗ್ಲಿ ಬಿಡು. ಸಿಟ್ಟಾಗಾಕ ಆಕಿ ಇರಬೇಕಲ್ಲ.”