ಅಜ್ಜಿಯ ಮೂರು ಗಂಟು

ಹೋದ ವರ್ಷ ಶ್ರಾವಣದ ಮಾತು. ಕಲಬುರಗಿಯ ಜೇವರ್ಗಿ ಕಾಲೋನಿಯ ಒಂದು ಸಣ್ಣ ದವಾಖಾನೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ ತಿಂಗಳಾಗಿತ್ತು. ರೋಗಿಗಳ ಗುಟ್ಟು ಯಾರೂ ಓದಬಾರದೆಂದು ಪ್ರತಿ ವಿವರವನ್ನೂ ಗುಪ್ತಲಿಪಿಗೆ ತಿರುಗಿಸಿ ಡೇಟಾಬೇಸಿನಲ್ಲಿ ಇಟ್ಟಿದ್ದೆ. ಹಳೆಯ ಕಾಗದಗಳನ್ನು ಸುಡಿಸಿದ್ದೂ ನಾನೇ. ಭಾರೀ ಜಾಣನೆಂಬ ಜಂಬ ನನಗೆ!

ಒಂದು ಬೆಳಿಗ್ಗೆ ಡಾಕ್ಟರ ಫೋನ್ ಬಂತು. "ಕಮಲಾಪುರದ ಶಾಂತಮ್ಮ ಕಾಲಿನ ಬಾವು ಕೊಯ್ಸಾಕ ಬಂದಾರ. ಅವರಿಗೆ ಯಾವುದೋ ಒಂದು ಇಂಜೆಕ್ಷನ್ ಆಗಂಗಿಲ್ಲ. ಯಾವುದಂತ ನೋಡಿದ್ರ ನಿಮ್ಮ ಕಂಪ್ಯೂಟರ್ ಏನೂ ತೋರಸವಲ್ದು!"

ಓಡಿಹೋಗಿ ನೋಡಿದೆ. ಗುಪ್ತಲಿಪಿಗೆ ತಿರುಗಿದ ಮಾತು ಮೂಲಕ್ಕಿಂತ ಬಹಳ ಉದ್ದವಾಗುತ್ತದೆ. ನಾನು ಬಿಟ್ಟಿದ್ದ ಜಾಗ ನೂರು ಅಕ್ಷರದ್ದು. ಹೆಚ್ಚಾದದ್ದನ್ನು ಡೇಟಾಬೇಸ್ ಸದ್ದಿಲ್ಲದೆ ಕತ್ತರಿಸಿ ಹಾಕಿತ್ತು. ತುದಿ ಹೋದ ಗುಪ್ತಲಿಪಿ ಮತ್ತೆ ಬಿಚ್ಚುವುದಿಲ್ಲ. ಸಣ್ಣ ಸಣ್ಣ ಪದ ಹಾಕಿಯಷ್ಟೇ ಪರೀಕ್ಷೆ ಮಾಡಿದ್ದೆ ನಾನು.

"ಇಂಗ್ಲಿಷ್ ಹೆಸರ್ರೀ, ನನಗೆಲ್ಲಿ ನೆನಪಿರ್ತದ?" ಎಂದರು ಶಾಂತಮ್ಮ. "ಅದನ್ನ ಬರದ ಹಳಿ ಚೀಟಿ ಮನ್ಯಾಗ ಅತ್ತಿ ಕಡಿ ಅದ. ಅಕಿಗಿ ಓದಾಕ ಬರಂಗಿಲ್ಲ, ಫೋನೂ ಇಲ್ಲ. ಅದರಾಗ ನನ್ನ ರೋಗ ಎಲ್ಲಾ ಬರದದ, ಓಣಿ ಮಂದಿಗಿ ಮಾತ್ರ ತೋರಸಬ್ಯಾಡ್ರಿ."

"ಜ್ವರ ಏರಾಕತ್ತದ. ಮಧ್ಯಾಹ್ನದ ಮ್ಯಾಲ ಕಾಯಾಕಾಗಂಗಿಲ್ಲ," ಎಂದರು ಡಾಕ್ಟರು.

ಬೈಕ್ ಹತ್ತಿ ಕಮಲಾಪುರಕ್ಕೆ ಹೊರಟೆ. ದಾರಿಯುದ್ದಕ್ಕೂ ಲಾರಿಗಳು. ಇನ್ನೂ ಎಷ್ಟು ಜನರ ವಿವರ ಹೀಗೆ ಹಾಳಾಗಿರಬಹುದೆಂದು ಲೆಕ್ಕ ಹಾಕುತ್ತಲೇ ಗಾಡಿ ಓಡಿಸಿದೆ.

ಶಾಂತಮ್ಮನ ಅತ್ತೆ, ಹಣ್ಣುಹಣ್ಣು ಅಜ್ಜಿ, ಬಾಗಿಲಲ್ಲೇ ತಡೆದರು. "ನೀ ಯಾರಂತ ನಾ ಹ್ಯಾಂಗ ನಂಬಲಿ? ಮದಲ ಸೊಸಿ ಕಡಿ ಮಾತಾಡಸು."

ಅಯ್ಯೋ ಶಿವನೇ, ಇಲ್ಲೊಂದು ಜೀವ ತೂಗಾಡುತ್ತಿದೆ! ಹಲ್ಲು ಕಚ್ಚಿಕೊಂಡು ಫೋನ್ ಹಚ್ಚಿ ಕೊಟ್ಟೆ. ಸೊಸೆಯ ದನಿ ಕೇಳಿದ ಮೇಲೆಯೇ ಟ್ರಂಕಿನಿಂದ ಬಟ್ಟೆಯ ಗಂಟು ಹೊರಬಂತು. ಅದಕ್ಕೆ ಬಿಗಿದ ಮೂರು ಗಂಟು! ಒಂದೊಂದೇ ಬಿಚ್ಚಿದರು. ಒಳಗೆ ಚೀಟಿ, ಒಂದು ಮಡಿಕೆಯೂ ಹರಿದಿರಲಿಲ್ಲ. ಫೋಟೋ ತೆಗೆದು ಕಳಿಸಿದೆ.

ಕೂಡಲೇ ಡಾಕ್ಟರ ಫೋನ್. ದನಿ ಇಳಿದಿತ್ತು. "ಇವರಿಗೆ ಆಗದ ಅದೇ ಇಂಜೆಕ್ಷನ್ ಕೊಡಾಕಂತ ತರಸಿ ಇಟ್ಟಿದ್ದೆ ನೋಡ್ರಿ."

ನಾನು ಕಟ್ಟೆಯ ಮೇಲೆ ಕುಳಿತೆ. ಅಜ್ಜಿ ನೀರು ಕೊಟ್ಟು, ಏನಾಯಿತೆಂದು ಕೇಳಿ ತಿಳಿದು, ಗಂಟು ಮತ್ತೆ ಬಿಗಿಯುತ್ತಾ ಅಂದರು: "ಅಲ್ಲೋ ತಮ್ಮಾ, ನಾ ಅಮಾಸಿಗೊಮ್ಮಿ ಬಿಚ್ಚಿ ನೋಡ್ತೀನಿ, ಇಲಿ ಕಡದದೇನಂತ. ನೀ ಇಟ್ಟ ಮ್ಯಾಲ ಒಮ್ಮಿನೂ ಬಿಚ್ಚಿ ನೋಡಿಲ್ಲೇನು?"

ಶಾಂತಮ್ಮ ಗುಣವಾದರು. ರೋಗಿಗಳನ್ನೆಲ್ಲ ಕರೆಸಿ ವಿವರ ಮತ್ತೆ ಬರೆಸಿದೆವು. ಈಗ ಜಾಗವೂ ದೊಡ್ಡದಿದೆ, ಇಟ್ಟದ್ದನ್ನು ಆಗಲೇ ಬಿಚ್ಚಿ ಮೂಲದೊಂದಿಗೆ ಹೋಲಿಸಿಯೂ ನೋಡುತ್ತೇನೆ. ಅಷ್ಟಕ್ಕೇ ಬಿಡದೆ, ಆ ಅಜ್ಜಿಯಂತೆ ಅಮಾವಾಸ್ಯೆಗೊಮ್ಮೆ ಎಲ್ಲವನ್ನೂ ಮತ್ತೆ ಬಿಚ್ಚಿ ನೋಡುತ್ತೇನೆ.